ಸಂಬಳ 21,000 ದಾಟ್ತು, ಇಎಸ್‌ಐ ಹೋಗುತ್ತಂತೆ, ಇನ್ನು ಆಸ್ಪತ್ರೆ ಖರ್ಚಿಗೆ ಏನು ಮಾಡೋದು?

ಪ್ರಶ್ನೆ: ನಮಸ್ತೆ ಸರ್. ನಮ್ಮನೆಯವರು ಪೀಣ್ಯದಲ್ಲಿ ಒಂದು ಮಷಿನ್ ಶಾಪ್‌ನಲ್ಲಿ ಕೆಲಸ ಮಾಡ್ತಾರೆ. ಇಷ್ಟು ದಿನ 20,300 ಬರ್ತಿತ್ತು, ಮೇ ತಿಂಗಳಿಂದ 21,800 ಮಾಡಿದಾರೆ. ಖುಷಿ ಪಡೋಷ್ಟರಲ್ಲೇ ಆಫೀಸ್‌ನೋರು ಇನ್ಮೇಲೆ ನಿಮಗೆ ಇಎಸ್‌ಐ ಇರಲ್ಲ ಅಂದ್ರಂತೆ. ನಮ್ಮತ್ತೆಗೆ ಶುಗರ್, ಬಿಪಿ ಎರಡೂ ಇದೆ, ತಿಂಗಳು ತಿಂಗಳು ಮಾತ್ರೆ ಇಎಸ್‌ಐ ಡಿಸ್ಪೆನ್ಸರಿಯಿಂದಾನೇ ತರ್ತಿದ್ವಿ. ನಮ್ಮದು ಎಪಿಎಲ್ ಕಾರ್ಡು. 1,500 ರೂಪಾಯಿ ಹೆಚ್ಚಾಗಿದ್ದಕ್ಕೆ ಇಷ್ಟೆಲ್ಲಾ ಕಳ್ಕೊಳ್ಳೋದಾದ್ರೆ ಇನ್ಕ್ರಿಮೆಂಟೇ ಬೇಡ ಅಂತ ಬರ್ಕೊಡಬಹುದಾ? – ಒಬ್ಬ ಓದುಗರು, ಬೆಂಗಳೂರು

ಉತ್ತರ: ಬರ್ಕೊಡಬೇಡಿ ಅಮ್ಮಾ, ಖಂಡಿತ ಬೇಡ. ನಿಮ್ಮನೆಯವರಿಗೆ ಆಫೀಸ್‌ನಲ್ಲಿ ಹೇಳಿದ್ದು ಅರ್ಧ ಸರಿ ಅರ್ಧ ತಪ್ಪು, ಆ ತಪ್ಪಿನ ಅರ್ಧದಲ್ಲೇ ನಿಮಗೆ ಒಂದು ವರ್ಷದ ಮೇಲೆ ಟೈಮ್ ಇದೆ.

ಇಎಸ್‌ಐ ಅಂದ್ರೆ ತಿಂಗಳಿಗೆ 21,000ದವರೆಗೆ ಸಂಬಳ ಇರೋ ಕಾರ್ಮಿಕರಿಗೆ ಇರೋ ರಾಜ್ಯ ವಿಮೆ. ಅದರಲ್ಲಿ ವರ್ಷವನ್ನ ಎರಡು ಭಾಗ ಮಾಡಿರ್ತಾರೆ, ಏಪ್ರಿಲ್ 1ರಿಂದ ಸೆಪ್ಟೆಂಬರ್ 30 ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31 ಇನ್ನೊಂದು. ಇದಕ್ಕೆ ವಂತಿಗೆ ಅವಧಿ ಅಂತಾರೆ. ಈ ಅವಧಿ ಶುರುವಾದಾಗ ನೀವು 21,000ದ ಒಳಗಿದ್ದು ಮಧ್ಯದಲ್ಲಿ ಸಂಬಳ ಜಾಸ್ತಿ ಆದ್ರೆ ಆ ಅವಧಿ ಮುಗಿಯೋವರೆಗೂ ಇಎಸ್‌ಐ ಕಟ್ ಮಾಡೋ ಹಾಗಿಲ್ಲ, ಹೊಸ ಸಂಬಳದ ಮೇಲೇನೇ ದುಡ್ಡು ಹಿಡೀಬೇಕು. ನಿಮ್ಮನೆಯವರಿಗೆ ಜಾಸ್ತಿ ಆಗಿದ್ದು ಮೇನಲ್ಲಿ, ಏಪ್ರಿಲ್‌ನಲ್ಲಿ ಅವರು ಒಳಗೇ ಇದ್ರು, ಹಾಗಾಗಿ ಸೆಪ್ಟೆಂಬರ್ 30ರವರೆಗೂ ವಂತಿಗೆ ಹೋಗ್ಲೇಬೇಕು. ಪೇ ಸ್ಲಿಪ್ ತಗೊಂಡು ಇಎಸ್‌ಐ ಅನ್ನೋ ಕಾಲಂ ನೋಡಿ. ಕಾರ್ಮಿಕರ ಪಾಲು ಶೇ 0.75, ಅಂದ್ರೆ 21,800ಕ್ಕೆ 164 ರೂಪಾಯಿ. ಕಂಪನಿ ಪಾಲು ಶೇ 3.25, ಅದು 709 ರೂಪಾಯಿ. ಆ 164 ಅಲ್ಲಿ ಕಾಣಿಸ್ತಿಲ್ಲ ಅಂದ್ರೆ ಎಚ್‌ಆರ್ ಹತ್ರ ಹೋಗಿ ಕೇಳಿ, ಆಗ್ಲಿಲ್ಲ ಅಂದ್ರೆ ಐಪಿ ನಂಬರ್ (ಇಎಸ್‌ಐ ಕಾರ್ಡ್‌ನಲ್ಲಿರೋ ವಿಮೆ ನಂಬರ್) ಜೊತೆಗೆ ಏಪ್ರಿಲ್, ಮೇ ಎರಡೂ ಸ್ಲಿಪ್ ಹಿಡ್ಕೊಂಡು ಹತ್ತಿರದ ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಬರ್ದು ಕೊಡಿ. ಇದು ಕಂಪನಿಯೋರು ಬೇಕಂತ ಮಾಡೋದೇ ಆಗಿರಬೇಕು ಅಂತಿಲ್ಲ, ಎಷ್ಟೋ ಕಡೆ ಸಾಫ್ಟ್‌ವೇರ್‌ನಲ್ಲಿ 21,000 ಅಂತ ಹಾಕಿಟ್ಟಿರ್ತಾರೆ, ದಾಟಿದ ತಿಂಗಳೇ ಅದು ಕಟ್ ಮಾಡ್ಬಿಡುತ್ತೆ. ಓವರ್‌ಟೈಮ್ ದುಡ್ಡು ಸೇರಿ 21,000 ದಾಟಿದ್ರೂ ಅಷ್ಟೇ, ಓಟಿಯನ್ನ ಈ ಮಿತಿ ಲೆಕ್ಕಕ್ಕೆ ತಗೊಳ್ಳಲ್ಲ, ಇದನ್ನ ಗೊತ್ತಿಲ್ದೆ ಇಎಸ್‌ಐ ಬಿಟ್ಟುಕೊಟ್ಟೋರನ್ನ ನಾನು ತುಂಬ ನೋಡಿದೀನಿ.

ಈಗ ಮುಖ್ಯವಾದ ವಿಷ್ಯ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಸೌಲಭ್ಯ ಸಿಗೋದು ಮುಂದಿನ ವರ್ಷ ಜನವರಿ 1ರಿಂದ ಜೂನ್ 30ರವರೆಗೆ. ಆ ಏಪ್ರಿಲ್-ಸೆಪ್ಟೆಂಬರ್ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇದ್ರೆ ಸಾಕು, ನಿಮ್ಮನೆಯವರದ್ದು ಅದಕ್ಕಿಂತ ಎಷ್ಟೋ ಜಾಸ್ತಿ ಆಗುತ್ತೆ. ಅಂದ್ರೆ ನಿಮ್ಮತ್ತೆ ಮಾತ್ರೆ ಮುಂದಿನ ಜೂನ್‌ವರೆಗೂ ಡಿಸ್ಪೆನ್ಸರಿಯಿಂದಾನೇ ಬರುತ್ತೆ, ಯಾರಿಗಾದ್ರೂ ಅಡ್ಮಿಟ್ ಆಗೋ ಪರಿಸ್ಥಿತಿ ಬಂದ್ರೂ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಬಾಗಿಲು ನಿಮಗೆ ತೆಗೆದೇ ಇರುತ್ತೆ. ಕೌಂಟರ್‌ನಲ್ಲಿ ಯಾರಾದ್ರೂ ನಿಮ್ಮದು ಮುಗಿದಿದೆ ಅಂದ್ರೆ ವಾಪಸ್ ಬರಬೇಡಿ, ಯಾವ ಅವಧಿಯ ವಂತಿಗೆ ನೋಡ್ತಿದೀರ ಅಂತ ಕೇಳಿ.

ಈ ಹದಿಮೂರು ತಿಂಗಳನ್ನ ಸುಮ್ನೆ ಕಳೀಬೇಡಿ. ಜೂನ್ ಬರೋವರೆಗೂ ಕಾಯ್ದು ಆಮೇಲೆ ಪಾಲಿಸಿ ಹುಡುಕಿದ್ರೆ ತಡ ಆಗುತ್ತೆ, ಯಾಕಂದ್ರೆ ಮೊದಲೇ ಇರೋ ಕಾಯಿಲೆಗೆ ಇನ್ಶೂರೆನ್ಸ್ ಕಂಪನಿಗಳು ಕಾಯೋ ಅವಧಿ ಇಟ್ಟಿರ್ತಾವೆ, ಅದು ಮುಗಿಯೋವರೆಗೂ ಆ ಕಾಯಿಲೆಗೆ ಕ್ಲೇಮ್ ಕೊಡಲ್ಲ. 2024ರ ಏಪ್ರಿಲ್ 1ರಿಂದ ಅದು ಗರಿಷ್ಠ 36 ತಿಂಗಳು, ಮುಂಚೆ 48 ಇತ್ತು. ಈಗಲೇ ಪಾಲಿಸಿ ತಗೊಂಡ್ರೆ ಆ 36ರಲ್ಲಿ ಒಂದು ವರ್ಷ ಇಎಸ್‌ಐ ನೆರಳಲ್ಲೇ ಕಳೆದುಹೋಗುತ್ತೆ. ನೀವು, ಯಜಮಾನ್ರು, ಮಕ್ಕಳು ಸೇರಿ ಒಂದು ಫ್ಯಾಮಿಲಿ ಫ್ಲೋಟರ್ (ಇಡೀ ಮನೆಗೆ ಒಂದೇ ಪಾಲಿಸಿ) ಮಾಡಿಸಿ, ಅತ್ತೆಗೆ ಬೇರೇನೇ ಮಾಡಿಸಿ. ಫ್ಲೋಟರ್‌ನಲ್ಲಿ ಮನೇಲಿ ಯಾರು ದೊಡ್ಡವರೋ ಅವರ ವಯಸ್ಸಿನ ಮೇಲೆ ಪ್ರೀಮಿಯಂ ನಿಲ್ಲುತ್ತೆ, ಅತ್ತೇನೂ ಸೇರಿಸಿದ್ರೆ ಎಲ್ಲರ ಪ್ರೀಮಿಯಂ ಏರ್ಬಿಡುತ್ತೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಆ ವಯಸ್ಸಿನ ಮಿತಿ 2024ರಲ್ಲೇ ಹೋಯ್ತು. 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗಳ ಮೇಲಿನ ಶೇ 18 ಜಿಎಸ್‌ಟಿನೂ ಇಲ್ಲ.

ಆದ್ರೆ ಒಂದು ಮಾತು ಮುಚ್ಚಿಡದೆ ಹೇಳ್ತೀನಿ, ತಿಂಗಳ ಮಾತ್ರೆ ಖರ್ಚನ್ನ ಸಾಮಾನ್ಯ ಪಾಲಿಸಿ ಕೊಡಲ್ಲ, ಅದು ಅಡ್ಮಿಟ್ ಆದಾಗ ಬರೋ ಖರ್ಚಿಗೆ. ಮಾತ್ರೆಗೆ ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್" ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅತ್ತೆ ಹೆಸರು ಬರೆಸಿ, ಶುಗರ್ ಬಿಪಿ ಮಾತ್ರೆ ಅಲ್ಲಿ ದುಡ್ಡಿಲ್ದೆ ಕೊಡ್ತಾರೆ, ಅಲ್ಲಿ ಸಿಗದೇ ಇರೋದನ್ನ ಜನೌಷಧಿ ಕೇಂದ್ರದಲ್ಲಿ ನೋಡಿ.

ನಿಮ್ಮ ಪ್ರಶ್ನೆಯ ಹಿಂದೆ ಒಂದು ನೋವಿದೆ, ಅದಕ್ಕೂ ಉತ್ತರ ಕೊಡ್ಬೇಕು. ಈ 21,000 ಅನ್ನೋ ಮಿತಿ ಬಂದಿದ್ದು 2017ರ ಜನವರಿ 1ಕ್ಕೆ, ಅದಕ್ಕೂ ಮುಂಚೆ 15,000 ಇತ್ತು. ಅಲ್ಲಿಂದ ಈಚೆಗೆ ಬಾಡಿಗೆ ಏರಿದೆ, ಸ್ಕೂಲ್ ಫೀಸ್ ಏರಿದೆ, ಕನಿಷ್ಠ ವೇತನವೂ ಏರಿದೆ, ಈ ಮಿತಿ ಮಾತ್ರ ಅಲ್ಲೇ ಇದೆ. ಸಂಬಳ ಏರಿದ್ದು ಬೆಲೆ ಏರಿದ್ದಕ್ಕೆ, ಸಂಸಾರ ಶ್ರೀಮಂತ ಆಗಿದ್ದಕ್ಕಲ್ಲ. ಇನ್ನೊಂದು ಕಡೆ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷ ಆದಾಯದ ಮಿತಿ, ತಿಂಗಳಿಗೆ 10,000. ಇಬ್ಬರು ದುಡಿಯೋ ಮನೆಯಾದ್ರೆ ತಲೆಗೆ 5,000 ಬಂತು. ಆ ಕಡೆ ಬಿಪಿಎಲ್ ಇಲ್ಲ, ಈ ಕಡೆ ಇಎಸ್‌ಐ ಇಲ್ಲ, ಸ್ವಂತ ಪಾಲಿಸಿಗೆ ಪ್ರೀಮಿಯಂ ಹೊಂದಿಸೋಕೆ ಆಗಲ್ಲ, ಇಂಥೋರು ದೇಶದಲ್ಲಿ ಸುಮಾರು 40 ಕೋಟಿ ಜನ ಇದಾರೆ ಅಂತ ನೀತಿ ಆಯೋಗವೇ 2021ರಲ್ಲಿ ವರದಿ ಕೊಟ್ಟಿದೆ, ಮಧ್ಯದಲ್ಲಿ ಬಿಟ್ಟುಹೋದವರು ಅನ್ನೋ ಅರ್ಥದ ಹೆಸರೇ ಆ ವರದಿಗೆ. ಇಎಸ್‌ಐ ಮಿತಿಯನ್ನ ಪ್ರತಿ ವರ್ಷ ಬೆಲೆ ಏರಿಕೆ ಜೊತೆ ಏರಿಸ್ಬೇಕು, ದಾಟಿದೋರಿಗೂ ತಮ್ಮ ಪಾಲು ಜೊತೆಗೆ ಕಂಪನಿ ಪಾಲನ್ನೂ ತಾವೇ ಕಟ್ಟಿ ಮುಂದುವರಿಯೋ ದಾರಿ ಕೊಡ್ಬೇಕು ಅನ್ನೋದು ನನ್ನ ಅಭಿಪ್ರಾಯ. ನಿಮ್ಮ ಲೆಕ್ಕದಲ್ಲಿ ಅದು ತಿಂಗಳಿಗೆ 873 ರೂಪಾಯಿ. ಇಡೀ ಸಂಸಾರಕ್ಕೆ, ವಯಸ್ಸಾದ ಅತ್ತೇನೂ ಸೇರಿಸಿ, ಅಷ್ಟಕ್ಕೆ ಯಾವ ಪಾಲಿಸಿ ಸಿಗುತ್ತೆ ಹೇಳಿ. ಯೂನಿಯನ್ ಇದ್ರೆ ಈ ಬೇಡಿಕೆಯನ್ನ ಅಲ್ಲಿಂದ ಬರೆಸಿ ಕಳಿಸಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡೀಲಿ ಕೆಲಸಕ್ಕಿದೀನಿ, ನಾವು ಆರು ಜನ, 14,000 ಸಂಬಳ, ಎಪಿಎಲ್ ಕಾರ್ಡು. ಹೆಂಡತಿಗೆ ಆಪರೇಷನ್ ಆಗ್ಬೇಕು ಅಂದಿದಾರೆ. ಆಯುಷ್ಮಾನ್ ಕಾರ್ಡ್ ತೋರಿಸಿದ್ರೆ ಪೂರ್ತಿ ಸಿಗಲ್ಲ ಅಂತಾರೆ, ನಿಜಾನಾ? ಒಬ್ಬ ಏಜೆಂಟ್ ಪಾಲಿಸಿ ಮಾಡಿಸ್ತೀನಿ, ನಿನಗೆ ಶುಗರ್ ಇರೋದು ಬರೀಬೇಡ ಅಂತಿದಾನೆ. – ದಾವಣಗೆರೆ

ಉತ್ತರ: ನಿಜ ತಮ್ಮಾ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ, ಎಪಿಎಲ್‌ನೋರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿರೋ ದರ) ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದು ಮನೆಗೆ 1.5 ಲಕ್ಷದವರೆಗೆ. ಉದಾಹರಣೆಗೆ ಆಪರೇಷನ್‌ಗೆ ಸರ್ಕಾರದ ಪ್ಯಾಕೇಜ್ ದರ 40,000 ಅಂತ ಇಟ್ಕೊಳ್ಳಿ, 12,000 ಯೋಜನೆಯಿಂದ, 28,000 ನಿಮ್ಮ ಕೈಯಿಂದ. 14,000 ಸಂಬಳದಲ್ಲಿ ಎರಡು ತಿಂಗಳ ದುಡಿಮೆ. ಆದ್ರೂ ಬಿಡಬೇಡಿ. ಮೊದಲು ಜಿಲ್ಲಾ ಆಸ್ಪತ್ರೆಗೆ ತೋರಿಸಿ, ಆಪರೇಷನ್ ಅಲ್ಲೇ ಆಗೋ ಹಾಗಿದ್ರೆ ಖರ್ಚು ತೀರಾ ಕಮ್ಮಿ ಆಗುತ್ತೆ, ಅಲ್ಲಿ ಆಗದೇ ಇದ್ರೆ ಮಾತ್ರ ಅವರು ರೆಫರಲ್ ಬರ್ದು ಕೊಡ್ತಾರೆ. ಆ ಚೀಟಿ ಇಲ್ದೆ ಸೀದಾ ಪ್ರೈವೇಟ್‌ಗೆ ಹೋದ್ರೆ ಯೋಜನೆ ಹಣ ಬರಲ್ಲ, ಜೀವಕ್ಕೆ ಅಪಾಯ ಇರೋ ತುರ್ತು ಕೇಸ್‌ಗಳಿಗೆ ಮಾತ್ರ ಇದರಲ್ಲಿ ವಿನಾಯ್ತಿ. ಆಸ್ಪತ್ರೆ ಒಳಗೆ ಈ ಯೋಜನೆಗೆ ಸಹಾಯ ಮಾಡೋಕೆ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರ್ತಾರೆ, ದುಡ್ಡು ಕಟ್ಟೋ ಮುಂಚೆ ಅವರನ್ನ ಕಾಣಿ, ಕಟ್ಟಿದ ಮೇಲೆ ಅಲ್ಲ.

ನಿಮ್ಮ ತಂದೆ ತಾಯಿ ಹಳ್ಳೀಲಿ ಹಾಲಿನ ಡೇರಿ ಸಂಘದಲ್ಲೋ ಸೊಸೈಟಿಯಲ್ಲೋ ಸದಸ್ಯರಾಗಿದ್ರೆ ಯಶಸ್ವಿನಿ, ಅಂದ್ರೆ ಸಹಕಾರ ಸಂಘದ ಸದಸ್ಯರಿಗೆ ಇರೋ ಆರೋಗ್ಯ ಯೋಜನೆಯನ್ನೂ ವಿಚಾರಿಸಿ. 2018ರಲ್ಲಿ ನಿಂತಿದ್ದನ್ನ ಮತ್ತೆ ಶುರು ಮಾಡಿದಾರೆ, ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ವರ್ಷವಿಡೀ ಸೇರಿಸ್ಕೊಳ್ಳಲ್ಲ, ನೋಂದಣಿ ದಿನ ಯಾವಾಗ ಅಂತ ಕಾರ್ಯದರ್ಶಿ ಹತ್ರ ಈಗಲೇ ಕೇಳಿಟ್ಕೊಳ್ಳಿ, ನಿಮ್ಮ ಹೆಸರು ಆ ಮನೆ ಲೆಕ್ಕಕ್ಕೆ ಬರುತ್ತಾ ಅಂತಲೂ ಕೇಳಿ. ಇನ್ನು ಇಎಸ್‌ಐ, ಅದು 10 ಜನ ಇರೋ ಕಡೆ ಕಡ್ಡಾಯ, ನಿಮ್ಮಲ್ಲಿ ಆರೇ ಜನ. ಆದ್ರೆ ನಿಮ್ಮ ಮಾಲೀಕರಿಗೆ ಗೋಡೌನ್, ಇನ್ನೊಂದು ಅಂಗಡಿ ಏನಾದ್ರೂ ಇದ್ದು ಎಲ್ಲಾ ಒಂದೇ ವ್ಯವಹಾರ ಆಗಿದ್ರೆ ಒಟ್ಟು ತಲೆ ಎಷ್ಟು ಅಂತ ಲೆಕ್ಕ ಹಾಕಿ ನೋಡಿ.

ಏಜೆಂಟ್ ವಿಷ್ಯಕ್ಕೆ ಬರ್ತೀನಿ. ಶುಗರ್ ಇದೆ ಅಂತ ಬರೀರಿ, ದಪ್ಪ ಅಕ್ಷರದಲ್ಲಿ ಬರೀರಿ. ಒಂದು ಕ್ಲೇಮ್ ಹೆಲ್ಪ್‌ಡೆಸ್ಕ್‌ನಲ್ಲಿ ವರ್ಷಗಟ್ಟಲೆ ಕೂತಿದ್ದೆ ನಾನು. ಒಬ್ಬ ತಾಯಿ ಮಗನ ಡಿಸ್ಚಾರ್ಜ್ ಫೈಲ್ ತಂದು ಟೇಬಲ್ ಮೇಲಿಟ್ರು. ಮೊದಲ ಹಾಳೆಯಲ್ಲೇ ಡ್ಯೂಟಿ ಡಾಕ್ಟರ್ ಕೈಬರಹ, ಆರು ವರ್ಷದಿಂದ ಸಕ್ಕರೆ ಕಾಯಿಲೆ ಅಂತ. ಅಡ್ಮಿಟ್ ಮಾಡೋವಾಗ ಆ ತಾಯೀನೇ ಹೇಳಿದ್ದು, ಡಾಕ್ಟರ್ ಕೇಳಿದ್ರೆ ಯಾರು ಸುಳ್ಳು ಹೇಳ್ತಾರೆ? ಪಾಲಿಸಿ ಅರ್ಜಿಯಲ್ಲಿ ಮಾತ್ರ ಯಾರೋ "ಇಲ್ಲ" ಅಂತ ಟಿಕ್ ಹಾಕಿದ್ರು, ಪಾಲಿಸಿಗೆ ಎರಡೇ ವರ್ಷ ಆಗಿತ್ತು. ಕ್ಲೇಮ್ ಹೋಯ್ತು, ಪಾಲಿಸೀನೂ ಹೋಯ್ತು. ಆ ಟಿಕ್ ಹಾಕಿದ ಮನುಷ್ಯ ಫೋನೇ ಎತ್ತಲಿಲ್ಲ. ಸತತವಾಗಿ 60 ತಿಂಗಳು ಕಟ್ಟಿದ ಮೇಲೆ, ಮೋಸ ಅಂತ ಸಾಬೀತು ಮಾಡದೆ, ವಿಷ್ಯ ಮುಚ್ಚಿಟ್ರು ಅಂತ ಕಂಪನಿ ಕ್ಲೇಮ್ ತಳ್ಳೋ ಹಾಗಿಲ್ಲ, ಆದ್ರೆ ಆ ಐದು ವರ್ಷದೊಳಗೆ ಏನಾಗುತ್ತೋ ಯಾರಿಗೆ ಗೊತ್ತು. ಹೆಂಡತಿಯ ಈ ಆಪರೇಷನ್‌ಗೂ ಹೊಸ ಪಾಲಿಸಿ ಆಗಿಬರಲ್ಲ, ಈಗಾಗ್ಲೇ ಗೊತ್ತಿರೋ ತೊಂದ್ರೆ ಅದು, ಆ ಆಸೆ ತೋರಿಸಿದ್ರೆ ನಂಬಬೇಡಿ.

ಪಾಲಿಸಿ ತಗೊಳ್ಳೋದಾದ್ರೆ ರೂಮ್ ಬಾಡಿಗೆ ಮಿತಿ ಎಷ್ಟು ಅಂತ ಮೊದಲು ನೋಡಿ, ಜನ ಹೆಚ್ಚು ಪೆಟ್ಟು ತಿನ್ನೋದು ಅಲ್ಲೇ. 3 ಲಕ್ಷದ ಪಾಲಿಸಿ, ದಿನಕ್ಕೆ ಶೇ 1 ಅಂದ್ರೆ 3,000 ಬಾಡಿಗೆ ಅಂತ ಇದೆ ಅಂದ್ಕೊಳ್ಳಿ. ನೀವು 6,000ದ ರೂಮಲ್ಲಿ 4 ದಿನ ಇದ್ರಿ. ಬಿಲ್ 1,50,000: ರೂಮ್ 24,000, ಡಾಕ್ಟರ್, ಆಪರೇಷನ್ ಥಿಯೇಟರ್, ನರ್ಸಿಂಗ್ 80,000, ಔಷಧಿ ಮತ್ತು ಟೆಸ್ಟು 46,000. ರೂಮಿಗೆ 12,000 ಸಿಗುತ್ತೆ ಸರಿ, ಆದ್ರೆ ರೂಮ್ ಎರಡು ಪಟ್ಟು ದೊಡ್ಡದು ತಗೊಂಡ್ರಿ ಅಂತ ಆ 80,000ದಲ್ಲೂ ಅರ್ಧ ಕತ್ತರಿಸ್ತಾರೆ, 40,000 ಮಾತ್ರ. ಔಷಧಿ, ಟೆಸ್ಟಿನ 46,000ಕ್ಕೆ ಈ ಕತ್ತರಿ ಹಾಕೋ ಹಾಗಿಲ್ಲ. ಒಟ್ಟು ಸಿಕ್ಕಿದ್ದು 98,000, ಕೈಯಿಂದ ಕಟ್ಟಿದ್ದು 52,000. ರೂಮಿನ ವ್ಯತ್ಯಾಸ 12,000 ತಾನೇ, ಕಟ್ಟಿದ್ರಾಯ್ತು ಅಂದ್ಕೊಂಡು ಹೋದೋರಿಗೆ ಆಗೋದು ಇದು. ಅದಕ್ಕೇ ಅಡ್ಮಿಷನ್ ಕೌಂಟರ್‌ನಲ್ಲಿ ಯಾವ ರೂಮ್ ಬೇಕು ಅಂತ ಕೇಳಿದ ತಕ್ಷಣ, ಪಾಲಿಸಿಯಲ್ಲಿ ಎಷ್ಟಿದೆ ನೋಡಿ ಅಷ್ಟರೊಳಗಿನ ರೂಮೇ ಕೊಡಿ ಅನ್ನಿ.

ಪ್ರಶ್ನೆ: ಕಂಪನಿ ಗ್ರೂಪ್ ಇನ್ಶೂರೆನ್ಸ್ ಇದೆ, ಮುಂದಿನ ತಿಂಗಳು ಕೆಲಸ ಬಿಡ್ತಿದೀನಿ. ಹೊಸ ಕೆಲಸ ಸಿಗೋವರೆಗೆ ಏನು ಮಾಡ್ಲಿ? – ಮೈಸೂರು

ಉತ್ತರ: ಕೊನೇ ದಿನ ಮುಗಿದ್ರೆ ಗ್ರೂಪ್ ಪಾಲಿಸೀನೂ ಸಾಮಾನ್ಯವಾಗಿ ಮುಗೀತು. ರಾಜೀನಾಮೆ ಕೊಟ್ಟ ದಿನವೇ ಅದೇ ಇನ್ಶೂರೆನ್ಸ್ ಕಂಪನಿಗೆ ಮೇಲ್ ಹಾಕಿ, ವೈಯಕ್ತಿಕ ಪಾಲಿಸಿಗೆ ಬದಲಾಯಿಸ್ಕೊಡಿ ಅಂತ ಕೇಳಿ. ಹಾಗೆ ಬದಲಾಯಿಸಿದ್ರೆ ಗ್ರೂಪ್‌ನಲ್ಲಿ ಕಳೆದ ವರ್ಷಗಳು ಕಾಯೋ ಅವಧಿ ಲೆಕ್ಕಕ್ಕೆ ಬರ್ತಾವೆ. ಕೆಲಸ ಬಿಟ್ಟ ಮೇಲೆ ಆರು ತಿಂಗಳು ಬಿಟ್ಟು ಕೇಳಿದ್ರೆ ಎಲ್ಲಾ ಮೊದಲಿಂದ ಶುರು ಆಗುತ್ತೆ.

ಮೂವರಿಗೂ ಅನ್ವಯಿಸೋ ಒಂದು ವಿಷ್ಯ ಇದೆ. ಕ್ಲೇಮ್ ತಿರಸ್ಕಾರ ಆದ್ರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೀರಿ, ಒಂದು ತಿಂಗಳಲ್ಲಿ ಉತ್ತರ ಬರ್ಲಿಲ್ಲ ಅಥವಾ ಉತ್ತರ ಸರಿ ಅನಿಸ್ಲಿಲ್ಲ ಅಂದ್ರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆ ದೂರು ವಿಚಾರಿಸೋ ಅಧಿಕಾರಿ) ಕಚೇರಿಗೆ ಹೋಗಬಹುದು. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ದೂರು ತಗೊಳ್ತಾರೆ. ಕಂಪನಿಯ ಉತ್ತರ ಕೈಗೆ ಬಂದು ಒಂದು ವರ್ಷದೊಳಗೆ ಹೋಗ್ಬೇಕು, ಹಾಗಾಗಿ ಆ ತಿರಸ್ಕಾರದ ಪತ್ರ ಬಂದ ಲಕೋಟೆ ಸಮೇತ ಜೋಪಾನ ಮಾಡಿ.