ರಾನ್ ಬರಾಸಿ ಆಟಗಾರರಾಗಿ ಮಾತ್ರವಲ್ಲ, ಕೋಚ್ ಆಗಿಯೂ ಅಷ್ಟು ದೊಡ್ಡ ಹೆಸರಾದದ್ದು ಹೇಗೆ?
ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಮೆಲ್ಬರ್ನ್ ತಂಡದ ಆಟಗಾರರಾಗಿ ಆರು ಬಾರಿ ಲೀಗ್ ಪ್ರಶಸ್ತಿ ಗೆದ್ದಿದ್ದ ರಾನ್ ಬರಾಸಿ, ಮುಂದೆ ಕೋಚ್ ಆಗಿ ಕಾರ್ಲ್‌ಟನ್‌ಗೆ 1968 ಮತ್ತು 1970ರಲ್ಲಿ, ಅದುವರೆಗೆ ಒಮ್ಮೆಯೂ ಲೀಗ್ ಪ್ರಶಸ್ತಿ ಕಾಣದಿದ್ದ ನಾರ್ತ್ ಮೆಲ್ಬರ್ನ್‌ಗೆ 1975 ಮತ್ತು 1977ರಲ್ಲಿ ಕಿರೀಟ ತಂದುಕೊಟ್ಟರು. 1965ರಲ್ಲಿ ಅವರು ಎದುರಾಳಿ ಕಾರ್ಲ್‌ಟನ್‌ಗೆ ನಾಯಕ ಮತ್ತು ಕೋಚ್ ಎರಡೂ ಆಗಿ ಹೊರಟುಹೋದದ್ದು ಮೆಲ್ಬರ್ನ್ ಅಭಿಮಾನಿಗಳಿಗೆ ದೊಡ್ಡ ಆಘಾತವಾಗಿತ್ತು.

ಅವರ ಹೆಸರು ಉಳಿದಿರುವುದಕ್ಕೆ ಮುಖ್ಯ ಕಾರಣ, ನನ್ನ ಮಟ್ಟಿಗೆ, 1970ರ ಫೈನಲ್. 1,21,696 ಪ್ರೇಕ್ಷಕರ ಮುಂದೆ ಕಾಲಿಂಗ್‌ವುಡ್ ವಿರುದ್ಧ ಅರ್ಧ ಆಟ ಮುಗಿದಾಗ ಕಾರ್ಲ್‌ಟನ್ 44 ಅಂಕ ಹಿಂದಿತ್ತು. ಆಗ ಬರಾಸಿ, ಚೆಂಡನ್ನು ದೂರಕ್ಕೆ ಒದ್ದು ಗುಂಪಿನಲ್ಲಿ ಹೋರಾಡುವ ಬದಲು ಹ್ಯಾಂಡ್‌ಬಾಲ್ ಮಾಡಿ, ಅಂದರೆ ಒಂದು ಅಂಗೈಯಲ್ಲಿ ಹಿಡಿದ ಚೆಂಡನ್ನು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ, ಓಡಿಬರುವ ಸಂಗಡಿಗನಿಗೆ ಕೊಡುತ್ತಲೇ ಇರಿ ಎಂದು ಆಜ್ಞಾಪಿಸಿದರು. ಹೀಗೆ ಮಾಡಿದಾಗ ಚೆಂಡು ತಂಡದ ವಶದಲ್ಲೇ ಉಳಿಯುತ್ತದೆ, ಎದುರಾಳಿಗಳಿಗೆ ತಮ್ಮ ಜಾಗಕ್ಕೆ ಮರಳಲು ಪುರುಸೊತ್ತು ಸಿಗುವುದಿಲ್ಲ. ಬೆಂಚಿನಿಂದ ಕಳುಹಿಸಿದ ಟೆಡ್ ಹಾಪ್ಕಿನ್ಸ್ ನಾಲ್ಕು ಗೋಲು ಹೊಡೆದರು; ಕಾರ್ಲ್‌ಟನ್ 10 ಅಂಕಗಳಿಂದ ಗೆದ್ದಿತು. ಹ್ಯಾಂಡ್‌ಬಾಲ್ ಬರಾಸಿಯವರ ಆವಿಷ್ಕಾರವೇನಲ್ಲ, ಆದರೆ ಇಕ್ಕಟ್ಟಿನಲ್ಲಿ ಮಾತ್ರ ಬಳಸುತ್ತಿದ್ದ ಉಪಾಯವನ್ನು ಆಕ್ರಮಣದ ಅಸ್ತ್ರವಾಗಿಸಿದ ಕೀರ್ತಿ ಬಹುಮಟ್ಟಿಗೆ ಅವರಿಗೇ ಸಲ್ಲುತ್ತದೆ.