ದೆಹಲಿಗೆ ವರ್ಗವಾಗಿದೆ, ಮಗಳಿಗೆ ಅಸ್ತಮಾ. ಕಾನೂನಿನಿಂದ ಏನೂ ಆಗಲ್ಲ, ನಮ್ಮ ಗಾಳಿ ನಾವೇ ನೋಡಿಕೊಳ್ಳಬೇಕು. ಯಾವ ಏರ್ ಪ್ಯೂರಿಫೈಯರ್ ಕೊಳ್ಳಲಿ?

ನಾವೂ ಮೈಸೂರಿನಿಂದ ದೆಹಲಿಗೆ ಹೋದಾಗ ಮೊದಲು ಕೊಂಡದ್ದು ಅದನ್ನೇ. ಮಗ ಆಗಿನ್ನೂ ಚಿಕ್ಕವನು, ಅಸ್ತಮಾ ಇತ್ತು. ಕಿಟಕಿ ಮುಚ್ಚಿ ಮಷೀನ್ ಹಾಕಿದರೆ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣಗಳ ಅಂಕಿ, ಸರಸರ ಇಳಿಯುತ್ತಿತ್ತು. ಅದನ್ನು ನೋಡಿ ನನಗೆ ಧೈರ್ಯ ಜಾಸ್ತಿಯಾಯಿತು. ದಿನಾ ಎಳೆಯಬೇಕಿದ್ದ ಸ್ಟೀರಾಯ್ಡ್ ಇನ್‌ಹೇಲರ್ ನಿಲ್ಲಿಸಿಬಿಟ್ಟೆ.

ಇದನ್ನು ಬಿಡಿಸಿಯೇ ಹೇಳಬೇಕು. ಇನ್‌ಹೇಲರ್‌ನಲ್ಲಿ ಎರಡು ಥರ. ಒಂದು, ಉಸಿರು ಕಟ್ಟಿದಾಗ ತಕ್ಷಣ ಶ್ವಾಸನಾಳ ಬಿಚ್ಚುವುದು. ಇನ್ನೊಂದು, ಒಳಗೆ ಊತ ಏಳದಂತೆ ದಿನಾ ಕಾಯುವುದು. ನಾನು ನಿಲ್ಲಿಸಿದ್ದು ಎರಡನೆಯದನ್ನು. 'ಸ್ಟೀರಾಯ್ಡ್ ಚಟ ಆಗಿಬಿಡುತ್ತೆ' ಅಂತ ಊರಿನಿಂದ ಫೋನ್ ಮಾಡಿ ಹೆದರಿಸುವವರು ಬೇರೆ! ಚಟ ಆಗುವುದಿಲ್ಲ. ಡೋಸ್ ಚಿಕ್ಕದು, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಆದರೆ ನಿಲ್ಲಿಸಿದ ಮರುದಿನ ಏನೂ ಗೊತ್ತಾಗುವುದಿಲ್ಲ ನೋಡಿ, ಅಲ್ಲೇ ಮೋಸ ಹೋಗುವುದು. ಮಗು ಆಡಿಕೊಂಡಿರುತ್ತದೆ, ಊತ ಒಳಗೊಳಗೇ ಮತ್ತೆ ಏಳುತ್ತಿರುತ್ತದೆ. ದೀಪಾವಳಿ ಹೊತ್ತಿಗೆ ಗಾಳಿ ನಿಂತಿತು. ಪಟಾಕಿ, ವಾಹನ, ಪಂಜಾಬ್ ಹರಿಯಾಣದಲ್ಲಿ ಕೂಳೆ ಸುಟ್ಟ ಹೊಗೆ ಎಲ್ಲ ಸೇರಿ ಊರ ಮೇಲೆ ಕೂತಿತು. ಒಂದು ರಾತ್ರಿ ಮಗ ಉಸಿರೆಳೆದರೆ ಪಕ್ಕೆಲುಬಿನ ಸಂದು ಒಳಕ್ಕೆ ಹೋಗುತ್ತಿತ್ತು. ಒಂದು ವಾಕ್ಯ ಪೂರ್ತಿ ಆಡಲಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕ, ನೆಬ್ಯುಲೈಸರ್. ಮನೆಯಲ್ಲಿ ಮಷೀನಿನ ದೀಪ ಮಾತ್ರ ಹಸಿರೇ ಇತ್ತು.

ಮಗು ಇಡೀ ದಿನ ಆ ರೂಮಿನಲ್ಲಿ ಇರುವುದಿಲ್ಲವಲ್ಲ? ಸ್ಕೂಲ್ ಬಸ್ಸಿದೆ, ಮೈದಾನವಿದೆ. 'ಕಾನೂನಿನಿಂದ ಏನೂ ಆಗಲ್ಲ, ನಮ್ಮ ಗಾಳಿ ನಾವೇ ನೋಡಿಕೊಳ್ಳಬೇಕು' ಅಂತ ಬರೆದಿದ್ದೀರಿ. ನಾನಂತೂ ಒಪ್ಪಲ್ಲ. 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಕ್ಕೇ ದೆಹಲಿಯ ಸಿಟಿ ಬಸ್ಸುಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬಂದದ್ದು. ಗಡುವು ಮುಂದೆ ಹೋಗಿ ಹೋಗಿ 2002ರ ಕೊನೆಗೆ ಮುಗಿಯಿತು, ಆದರೂ ಮುಗಿಯಿತು. 2020ರ ಏಪ್ರಿಲ್‌ನಿಂದ ದೇಶಾದ್ಯಂತ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದು ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿಯಿತು. ಯಾವ ಅಪ್ಪ ಅಮ್ಮನಿಗೆ ಅಂಗಡಿಗೆ ಹೋಗಿ ಇದನ್ನು ಕೊಂಡು ತರಲು ಆಗುತ್ತದೆ? ಹಾಗಂತ ಕಾನೂನು ಸಾಕಷ್ಟು ಬಿಗಿ ಇದೆ ಅಂತಲ್ಲ. ಪಿಎಂ 2.5ಕ್ಕೆ ನಮ್ಮ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 15. ನವೆಂಬರಿನಲ್ಲಿ ದೆಹಲಿ 300 ದಾಟುವ ದಿನಗಳೂ ಇವೆ.

ಮಷೀನ್ ಬೇಡ ಅನ್ನಲ್ಲ. ಮಲಗುವ ಕೋಣೆಯ ಅಳತೆಗೆ ತಕ್ಕ, ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ಯಾವುದಾದರೂ ಸಾಕು, ಬ್ರ್ಯಾಂಡ್ ಹಿಂದೆ ಸುಮ್ನೆ ಓಡಬೇಡಿ. ಊರು ಬಿಡುವ ಮುಂಚೆ ಮಗಳ ಡಾಕ್ಟರ ಹತ್ತಿರ ಹೋಗಿ, ಉಸಿರು ಕಟ್ಟಿದರೆ ಯಾವ ಇನ್‌ಹೇಲರ್, ಎಷ್ಟು ಪಫ್, ಯಾವ ಹಂತದಲ್ಲಿ ಆಸ್ಪತ್ರೆಗೆ ಓಡಬೇಕು ಅಂತ ಬರೆಸಿಕೊಳ್ಳಿ. ಒಂದು ಪ್ರತಿ ಸ್ಕೂಲಿಗೂ ಕೊಡಿ.