ಓದುಗರ ಪ್ರಶ್ನೆ: ಜಾಗ್ವಾರ್ ಇ-ಟೈಪ್, ಯಾವುದು ಯಾವುದು?

ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1961ರಿಂದ 1974ರವರೆಗೆ ತಯಾರಾದ ಜಾಗ್ವಾರ್ ಇ-ಟೈಪ್ ಕುರಿತ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಕೇಳಿದವರೆಲ್ಲ ಬ್ರಿಟನ್, ಅಮೆರಿಕಗಳಲ್ಲಿ ನೆಲೆಸಿರುವ ಕನ್ನಡಿಗರು.

ಪ್ರಶ್ನೆ: 1964ರ ಒಂದು ಕೂಪೆ (ಗಟ್ಟಿ ಚಾವಣಿಯ ಗಾಡಿ) ಮಾರಾಟಕ್ಕಿದೆ. ಮಾರುವವರು ಎಂಜಿನ್ 3.8 ಲೀಟರ್ ಎನ್ನುತ್ತಾರೆ, ಜೊತೆಗೆ ಬಂದ ಗೆಳೆಯರು 4.2 ಎನ್ನುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ತೀರ್ಮಾನಿಸುವುದು ಹೇಗೆ?

ಇಸವಿ ನೋಡಿ ತೀರ್ಮಾನಿಸಲು ಆಗದು. 1964ರ ಅಕ್ಟೋಬರಿನಲ್ಲಿ 4.2 ಬಂದದ್ದರಿಂದ ಆ ಒಂದೇ ವರ್ಷದಲ್ಲಿ ಎರಡೂ ಬಗೆಯ ಗಾಡಿಗಳಿವೆ. ಮೊದಲು ಚಾಸಿ ನಂಬರ್ ಓದಿ. 3.8ರಲ್ಲಿ ಅದು ಬರೀ ಅಂಕಿ: ಬಲಗಡೆ ಸ್ಟೀರಿಂಗ್ ಇರುವ ಕೂಪೆಗೆ 860001ರಿಂದ, ಎಡಗಡೆಯದಕ್ಕೆ 885001ರಿಂದ. ತೆರೆದ ಗಾಡಿಯಾದರೆ 850001 ಮತ್ತು 875001ರಿಂದ ಶುರು. 4.2 ಆದರೆ ನಂಬರಿನ ಮೊದಲಿಗೆ ‘1ಇ’ ಇರುತ್ತದೆ. ಎಂಜಿನ್ ನಂಬರ್ 3.8ರಲ್ಲಿ ‘ಆರ್’ನಿಂದ, 4.2ರಲ್ಲಿ ‘7ಇ’ಯಿಂದ ಆರಂಭವಾಗುತ್ತದೆ.

ಇಲ್ಲೊಂದು ಎಚ್ಚರ ಬೇಕು. ಚಾಸಿ ನಂಬರನ್ನು ಕೊರೆದಿರುವುದು ಎಂಜಿನ್ ಮುಂದಿನ ಚೌಕಟ್ಟಿನ ಬಲಭಾಗದಲ್ಲಿ, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕೂರುವ ಜಾಗದ ಮೇಲೆ. ಆ ಚೌಕಟ್ಟು ಬೋಲ್ಟ್ ಹಾಕಿ ಕೂರಿಸಿದ್ದು. ಅಪಘಾತವಾದ ಗಾಡಿಯಲ್ಲಿ ಅದನ್ನು ಬದಲಿಸಿ ನಂಬರನ್ನು ಮತ್ತೆ ಕೊರೆದಿರಬಹುದು. ಅಕ್ಷರಗಳು ಓರೆಕೋರೆಯಾಗಿದ್ದರೆ, ಸುತ್ತಲಿನ ಲೋಹ ಉಜ್ಜಿದಂತಿದ್ದರೆ ಚಾಸಿ, ಎಂಜಿನ್, ಗೇರ್‌ಬಾಕ್ಸ್ ನಂಬರುಗಳನ್ನು ಬರೆದುಕೊಂಡು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್‌ನಿಂದ ಸರ್ಟಿಫಿಕೇಟ್ ತರಿಸಿ. ಕಾರ್ಖಾನೆಯ ದಾಖಲೆಯಲ್ಲಿ ಇರುವುದನ್ನೇ ಅದರಲ್ಲಿ ಕೊಡುತ್ತಾರೆ. ಅದು ಕೈಗೆ ಬರುವ ತನಕ ಮುಂಗಡ ಕೊಡಬೇಡಿ.

ನಂತರ ಬಾನೆಟ್ ಎತ್ತಿ. 3.8ರಲ್ಲಿ ಡೈನಮೊ ಇದೆ, ಬ್ಯಾಟರಿಯ ಪಾಸಿಟಿವ್ ತುದಿ ಅರ್ತ್ ಆಗಿದೆ, ಅಂದರೆ ಗಾಡಿಯ ಲೋಹದ ಮೈಗೆ ಸೇರಿದೆ. 4.2ರಲ್ಲಿ ಆಲ್ಟರ್ನೇಟರ್ ಇದೆ, ನೆಗೆಟಿವ್ ಅರ್ತ್. ಈ ವ್ಯತ್ಯಾಸ ಗೊತ್ತಿಲ್ಲದೆ 4.2ಕ್ಕೆ ಬ್ಯಾಟರಿಯನ್ನು ತಿರುಗಾಮುರುಗಾ ಕೊಟ್ಟರೆ ಆಲ್ಟರ್ನೇಟರಿನ ಡಯೋಡುಗಳು ಆ ಕ್ಷಣವೇ ಸುಡುತ್ತವೆ. 3.8ರ ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ನೀರಿನ ಕೊಳವೆ ಬೇರೆ ತುಂಡಾಗಿ ಕಾಣುತ್ತದೆ. 4.2ರಲ್ಲಿ ಎರಡೂ ಸೇರಿ ಒಂದೇ ಎರಕ.

ಓಡಿಸಿ ನೋಡಿದರೆ ಅನುಮಾನವೇ ಉಳಿಯದು. 3.8ರ ನಾಲ್ಕು ಗೇರಿನ ಮಾಸ್ ಗೇರ್‌ಬಾಕ್ಸಿನಲ್ಲಿ ಫಸ್ಟ್ ಗೇರಿಗೆ ಸಿಂಕ್ರೊಮೆಶ್ (ಗೇರುಗಳ ವೇಗ ಹೊಂದಿಸಿ ಸಲೀಸಾಗಿ ಕೂಡಿಸುವ ಏರ್ಪಾಟು) ಇಲ್ಲ. ಗಾಡಿ ಉರುಳುತ್ತಿರುವಾಗ ಫಸ್ಟಿಗೆ ಹಾಕಹೋದರೆ ಕರಕರ ಎನ್ನುತ್ತದೆ. ಅದು ದೋಷವಲ್ಲ, ಅದರ ರಚನೆಯೇ ಹಾಗೆ. 4.2ರಲ್ಲಿ ನಾಲ್ಕಕ್ಕೂ ಸಿಂಕ್ರೊಮೆಶ್ ಇದೆ. ಬ್ರೇಕಿನ ಸರ್ವೊ (ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಸಾಧನ) ಕೂಡ ಬೇರೆ. 3.8ರ ಕೆಲ್ಸಿ-ಹೇಯ್ಸ್ ಬೆಲ್ಲೋಸ್ ಸರ್ವೊದಲ್ಲಿ ಕಾಲು ಬಲವಾಗಿ ಒತ್ತಬೇಕು. 4.2ರ ಲಾಕ್‌ಹೀಡ್ ಸರ್ವೊ ಹಗುರ.

ಎಂಜಿನ್ನಿನ ಲೆಕ್ಕ ಹೀಗಿದೆ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಎರಡಕ್ಕೂ 106 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ) ಮಾತ್ರ 87ರಿಂದ 92.07 ಮಿ.ಮೀ.ಗೆ ಹಿಗ್ಗಿ, 3781 ಸಿಸಿ ಇದ್ದದ್ದು 4235 ಸಿಸಿ ಆಯಿತು. ಕಂಪನಿ ಹೇಳಿದ ಶಕ್ತಿ ಎರಡಕ್ಕೂ 265 ಎಚ್‌ಪಿ, ಆದರೆ ಟಾರ್ಕ್ (ತಿರುಗಿಸುವ ಬಲ) 260ರಿಂದ 283 ಪೌಂಡ್-ಅಡಿಗೆ ಏರಿತು. ಬ್ಲಾಕಿನ ಉದ್ದ ಹೆಚ್ಚಿಸದೆ ದೊಡ್ಡ ಬೋರ್ ಹಿಡಿಸಲು ಸಿಲಿಂಡರುಗಳನ್ನು ಒತ್ತೊತ್ತಾಗಿ ಮರುಜೋಡಿಸಿದರು. ಹಾಗಾಗಿ 4.2 ಒಮ್ಮೆ ಮಿತಿಮೀರಿ ಬಿಸಿಯಾದರೆ ಬೋರುಗಳ ನಡುವೆ ಬಿರುಕು ಬಿಡುವ ಅಪಾಯವಿದೆ. ಹೆಡ್ ಬಿಚ್ಚಿದಾಗಲೆಲ್ಲ ಆ ಜಾಗವನ್ನು ಪರೀಕ್ಷಿಸಲೇಬೇಕು. ಇಷ್ಟಿದ್ದೂ, ದಿನಬಳಕೆಗೆ ನಮ್ಮ ಮತ ಸೀರೀಸ್ 1ರ (ಇ-ಟೈಪಿನ ಮೊದಲ ಆವೃತ್ತಿಯ) 4.2ಕ್ಕೆ. ಗೇರ್, ಬ್ರೇಕ್, ಸೀಟು ಮೂರೂ ಸುಧಾರಿಸಿ, ಮುಖದ ಅಂದ ಕೆಡದೆ ಉಳಿದ ಗಾಡಿ ಅದೊಂದೇ.

ಪ್ರಶ್ನೆ: ‘ಸೀರೀಸ್ ಒಂದೂವರೆ’ ಅಂದರೇನು? ಹೆಡ್‌ಲೈಟಿನ ಗಾಜು ತೆಗೆದರೆ ಸೀರೀಸ್ 1 ಹಾಗಾಗುತ್ತದೆಯೇ?

ಅದು ಕಂಪನಿ ಇಟ್ಟ ಹೆಸರಲ್ಲ, ಬಳಕೆಯಲ್ಲಿ ಬಂದದ್ದು. 1967–68ರಲ್ಲಿ ಅಮೆರಿಕದ ಹೊಸ ನಿಯಮಗಳಿಗೆ ಹೊಂದಿಸುವಾಗ ಹೆಡ್‌ಲೈಟಿನ ಮೇಲಿನ ಗಾಜು ಹೋಯಿತು, ಆದರೆ ಮುಂದೆ ಗಾಳಿ ಒಳಹೋಗುವ ಸಣ್ಣ ಬಾಯಿ, ತೆಳು ಬಂಪರ್ ಹಾಗೇ ಉಳಿದವು. 1968ರ ಕೊನೆಗೆ ಬಂದ ಸೀರೀಸ್ 2ರಲ್ಲಿ ಗಾಳಿ ಹೋಗುವ ಬಾಯಿ ದೊಡ್ಡದಾಯಿತು, ಹೆಡ್‌ಲೈಟ್ ಮುಂದಕ್ಕೆ ಬಂತು, ಹಿಂದಿನ ದೀಪಗಳು ದೊಡ್ಡದಾಗಿ ಬಂಪರಿನ ಕೆಳಗಿಳಿದವು. ರೇಡಿಯೇಟರಿಗೆ ಎರಡು ಎಲೆಕ್ಟ್ರಿಕ್ ಫ್ಯಾನ್, ಬ್ರೇಕಿಗೆ ಗರ್ಲಿಂಗ್ ಕ್ಯಾಲಿಪರ್ ಬಂದವು. ಚಾಸಿ ನಂಬರ್ ‘1ಆರ್’. ಟ್ರಾಫಿಕ್ಕಿನಲ್ಲಿ ಎಂಜಿನ್ ಬಿಸಿಯಾಗುವ ವಿಷಯದಲ್ಲಿ ಸೀರೀಸ್ 2 ಮೊದಲಿನವುಗಳಿಗಿಂತ ಖಂಡಿತ ವಾಸಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಸೀರೀಸ್ 2ಕ್ಕೆ ಎರಡೇ ಕಾರ್ಬುರೇಟರ್. ಮೂರು ಹಾಕಿಸಬಹುದೇ?

ಹಾಕಬಹುದು, ಪೋರ್ಟುಗಳು ಹೊಂದುತ್ತವೆ. ಅಮೆರಿಕಕ್ಕೆ ಹೋದ ಗಾಡಿಗಳಿಗೆ ಹೊಗೆ ನಿಯಮಕ್ಕಾಗಿ ಎರಡು ಜೆನಿತ್-ಸ್ಟ್ರಾಂಬರ್ಗ್ ಇಟ್ಟಿದ್ದರು. ಮೂಲದ ಮೂರು 2 ಇಂಚಿನ ಎಸ್‌ಯು ಎಚ್‌ಡಿ8 ಕೂರಿಸಲು ಕಾರ್ಬುರೇಟರ್ ಮಾತ್ರ ಕೊಂಡರೆ ಸಾಲದು. ಮೂರರ ಮ್ಯಾನಿಫೋಲ್ಡ್, ಥ್ರಾಟಲ್ ಕಡ್ಡಿಗಳು, ಏರ್ ಬಾಕ್ಸ್, ಪೆಟ್ರೋಲ್ ಪೈಪು ಎಲ್ಲ ಬೇಕು. ಕಾರ್ಬುರೇಟರಿನ ಸೂಜಿಯ ಗುರುತು ‘ಯುಎಂ’. ಮೂರನ್ನೂ ಒಂದೇ ಮಟ್ಟಕ್ಕೆ ತರುವ ಮುಂಚೆ ಥ್ರಾಟಲ್ ಸ್ಪಿಂಡಲ್ ಸವೆದಿದೆಯೇ ನೋಡಿ. ಸ್ಪಿಂಡಲ್ ಪಕ್ಕದಿಂದ ಗಾಳಿ ಎಳೆದರೆ ಎಷ್ಟು ತಿರುಗಿಸಿದರೂ ಐಡಲಿಂಗ್ ನಿಲ್ಲದು. ತೆಗೆದ ಸಾಮಾನನ್ನು ಎತ್ತಿಡಿ, ನಿಮ್ಮ ರಾಜ್ಯದ ಹೊಗೆ ನಿಯಮವನ್ನೂ ಮೊದಲೇ ತಿಳಿದುಕೊಳ್ಳಿ.

ಪ್ರಶ್ನೆ: ಟ್ಯೂನಿಂಗ್ ಮಾಡಿದ ಮೇಲೆ ಎಂಜಿನ್ ಕೆಮ್ಮುತ್ತದೆ, ಸ್ಟಾರ್ಟೇ ಆಗುವುದಿಲ್ಲ. ಪ್ಲಗ್ ವೈರುಗಳನ್ನು 1-5-3-6-2-4 ಕ್ರಮದಲ್ಲೇ ಕೊಟ್ಟಿದ್ದೇನೆ.

ಕ್ರಮ ಸರಿ, ಎಣಿಕೆ ತಪ್ಪಾಗಿರಬಹುದು. ಈ ಎಂಜಿನ್ನಿನಲ್ಲಿ 1ನೇ ಸಿಲಿಂಡರ್ ಇರುವುದು ಹಿಂದೆ, ಗೇರ್‌ಬಾಕ್ಸ್ ಕಡೆ. ಬೇರೆ ಗಾಡಿಗಳ ಅಭ್ಯಾಸದಲ್ಲಿ ಮುಂದಿನಿಂದ ಎಣಿಸಿದರೆ ಹೀಗೇ ಆಗುತ್ತದೆ. ಡಿಸ್ಟ್ರಿಬ್ಯೂಟರ್ ಎಡಕ್ಕೆ, ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತದೆ ಎಂಬುದೂ ನೆನಪಿರಲಿ. ಪ್ಲಗ್ ಗ್ಯಾಪ್ 0.025 ಇಂಚು.

ಟ್ಯಾಪೆಟ್ (ವಾಲ್ವಿನ ಸಂದು) ಕೂಡ ನೋಡುವುದಾದರೆ ಎಂಜಿನ್ ತಣ್ಣಗಿರಲಿ: ಇನ್‌ಲೆಟ್ 0.004, ಎಕ್ಸಾಸ್ಟ್ 0.006 ಇಂಚು. ತಿರುಗಿಸುವ ಸ್ಕ್ರೂ ಇಲ್ಲ. ವಾಲ್ವಿನ ಮೇಲೆ ಕೂರುವ ಬಕೆಟ್ಟಿನ ಕೆಳಗಿನ ಶಿಮ್ (ಸಂದು ತುಂಬುವ ತೆಳು ಬಿಲ್ಲೆ) ಬದಲಿಸಬೇಕು. ಶಿಮ್ಮಿನ ಗುರುತು ‘ಎ’ ಅಂದರೆ 0.085 ಇಂಚು, ಮುಂದಿನ ಪ್ರತಿ ಅಕ್ಷರಕ್ಕೂ 0.001 ಹೆಚ್ಚು. ಇನ್‌ಲೆಟ್ಟಿನಲ್ಲಿ 0.007 ಸಿಕ್ಕಿ, ಒಳಗೆ ‘ಡಿ’ ಶಿಮ್ (0.088) ಇದ್ದರೆ, 0.003 ದಪ್ಪನೆಯ ‘ಜಿ’ (0.091) ಹಾಕಿ. ಕ್ಯಾಮ್ ತಿರುಗಿಸುವ ಚೈನ್ ಬಿಚ್ಚಿದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಸುಮ್ಮನೆ ತಿರುಗಿಸಬೇಡಿ, ವಾಲ್ವುಗಳು ಒಂದಕ್ಕೊಂದು ಬಡಿದು ಬಾಗುತ್ತವೆ.

ಪ್ರಶ್ನೆ: ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ. ಪ್ಯಾಡ್ ಹೊಸದು. ಡಿಸ್ಕಿನ ಮೇಲೆ ಎಣ್ಣೆ ಕಾಣುತ್ತಿದೆ.

ಇ-ಟೈಪಿನ ಹಿಂದಿನ ಡಿಸ್ಕುಗಳು ಚಕ್ರದ ಹತ್ತಿರ ಇಲ್ಲ, ಡಿಫರೆನ್ಷಿಯಲ್ಲಿಗೆ (ಹಿಂಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಅಂಟಿಕೊಂಡಂತೆ ಒಳಗಿವೆ. ಬ್ರೇಕಿನ ಕಾವು ನೇರ ಡಿಫರೆನ್ಷಿಯಲ್ಲಿನ ಆಯಿಲ್ ಸೀಲಿಗೆ ತಾಗುತ್ತದೆ. ಸೀಲ್ ಗಟ್ಟಿಯಾಗಿ ಸೋರುತ್ತದೆ, ಎಣ್ಣೆ ಡಿಸ್ಕಿಗೆ ಬೀಳುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಉಜ್ಜಿ ಪ್ರಯೋಜನವಿಲ್ಲ, ಎಸೆಯಿರಿ.

ಸೀಲ್ ಹಾಕಲು ಹಿಂದಿನ ಸಸ್ಪೆನ್ಷನ್ನಿನ ಪಂಜರವನ್ನು ಇಡಿಯಾಗಿ ಕೆಳಗಿಳಿಸುವುದೇ ಒಳ್ಳೆಯದು. ಗಾಡಿಯನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಸೈಲೆನ್ಸರ್ ಪೈಪು ತೆಗೆಯಿರಿ. ರೇಡಿಯಸ್ ಆರ್ಮ್‌ಗಳ ಮುಂತುದಿ, ಆಂಟಿ-ರೋಲ್ ಬಾರಿನ ಕೊಂಡಿ, ಪ್ರೊಪೆಲ್ಲರ್ ಶಾಫ್ಟಿನ ನಾಲ್ಕು ಬೋಲ್ಟು, ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಬಿಚ್ಚಿ. ಕೆಳಗೆ ಟ್ರಾಲಿ ಜಾಕ್ ಕೊಟ್ಟು ನಾಲ್ಕು ರಬ್ಬರ್ ಮೌಂಟುಗಳನ್ನು ಸಡಿಲಿಸಿ. ಇಬ್ಬರಿಗಿಂತ ಕಡಿಮೆ ಜನರಲ್ಲಿ ಈ ಕೆಲಸ ಬೇಡ. ಡಿಸ್ಕಿನ ಹತ್ತಿರ ಸಿಗುವ ಶಿಮ್ಮುಗಳನ್ನು ಎಡ ಬಲ ಎಂದು ಬೇರೆ ಬೇರೆ ಕಟ್ಟಿಡಿ: ಕೆಲವು ಡಿಸ್ಕನ್ನು ಕ್ಯಾಲಿಪರ್ ನಡುವೆ ನಿಲ್ಲಿಸುತ್ತವೆ, ಕೆಲವು ಕ್ಯಾಂಬರ್, ಅಂದರೆ ಚಕ್ರದ ವಾಲು, ನಿರ್ಧರಿಸುತ್ತವೆ (ಮುಕ್ಕಾಲು ಡಿಗ್ರಿ ನೆಗೆಟಿವ್). ಇಲ್ಲಿ ಆ್ಯಕ್ಸಲ್ ಶಾಫ್ಟೇ ಮೇಲಿನ ವಿಶ್‌ಬೋನಿನ (ಚಕ್ರವನ್ನು ಹಿಡಿದಿಡುವ ತೋಳಿನ) ಕೆಲಸ ಮಾಡುವುದರಿಂದ, ಅದರ ಯುನಿವರ್ಸಲ್ ಜಾಯಿಂಟ್ ಸವೆದಿದ್ದರೆ ಚಕ್ರವೇ ಅಲುಗಾಡುತ್ತದೆ. ಹೇಗೂ ಕೆಳಗಿಳಿಸಿದ್ದೀರಿ, ಎರಡೂ ಕಡೆಯ ನಾಲ್ಕು ಜಾಯಿಂಟುಗಳನ್ನೂ ಬದಲಿಸಿಬಿಡಿ. ಡಿಫರೆನ್ಷಿಯಲ್ಲಿಗೆ ಸುಮಾರು 1.5 ಲೀಟರ್ ಎಣ್ಣೆ ಹಿಡಿಯುತ್ತದೆ. ಪವರ್-ಲಾಕ್ (ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಇದ್ದರೆ ಲಿಮಿಟೆಡ್ ಸ್ಲಿಪ್‌ಗೆಂದೇ ಬರುವ ಎಣ್ಣೆ ಹಾಕಿ.

ಪ್ರಶ್ನೆ: ಸೀರೀಸ್ 3ರಲ್ಲಿ ಎರಡೇ ಸೀಟಿನ ಕೂಪೆ ಸಿಗುತ್ತದೆಯೇ?

ಇಲ್ಲ. 1971ರಿಂದ ಬಂದ 5343 ಸಿಸಿ ವಿ12 ಗಾಡಿಗಳೆಲ್ಲ 1966ರ 2+2ರ (ಹಿಂದೆ ಎರಡು ಸಣ್ಣ ಸೀಟಿರುವ ಕೂಪೆಯ) 105 ಇಂಚಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಮೇಲೆಯೇ ನಿಂತಿವೆ. ಮೊದಲಿನ ಎರಡು ಸೀಟಿನವಕ್ಕೆ ಅದು 96 ಇಂಚು. ಸಿಗುವುದು ತೆರೆದ ಗಾಡಿ ಮತ್ತು 2+2 ಮಾತ್ರ. ಪವರ್ ಸ್ಟೀರಿಂಗ್, ಗಾಳಿಯಾಡುವ ಮುಂದಿನ ಡಿಸ್ಕ್, ನಾಲ್ಕು ಸ್ಟ್ರಾಂಬರ್ಗ್ ಕಾರ್ಬುರೇಟರ್, ಲೂಕಾಸ್ ಓಪಸ್ ಎಲೆಕ್ಟ್ರಾನಿಕ್ ಇಗ್ನಿಷನ್ ಇದರ ಗುರುತು. ದೂರದ ಹೆದ್ದಾರಿಗೆ ಹೇಳಿ ಮಾಡಿಸಿದ ಗಾಡಿ. ಚುರುಕು ಬೇಕೆನ್ನುವವರು ಆರು ಸಿಲಿಂಡರಿನದನ್ನೇ ಹುಡುಕಲಿ.

ಪ್ರಶ್ನೆ: ವೈರ್ ವೀಲಿನ ನಡುವಿನ ನಟ್ಟು ಯಾವ ಕಡೆ ತಿರುಗಿಸಬೇಕು?

ಗಾಡಿಯ ಎಡಗಡೆಯವು ಮಾಮೂಲಿ ಥ್ರೆಡ್, ಬಲಗಡೆಯವು ಉಲ್ಟಾ ಥ್ರೆಡ್. ಹಬ್ ಬಿಚ್ಚಿದಾಗ ಎಡಬಲ ಅದಲುಬದಲಾದರೆ ಓಡುತ್ತ ಓಡುತ್ತ ನಟ್ಟು ತಾನೇ ಸಡಿಲಾಗಿ ಚಕ್ರ ಕಳಚುತ್ತದೆ. ತಾಮ್ರದ ಅಥವಾ ಸೀಸದ ಸುತ್ತಿಗೆಯಿಂದಲೇ ಬಿಗಿ ಮಾಡಿ, ಹಬ್ಬಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ. ಹೊಸದಾಗಿ ಹಾಕಿದ ಚಕ್ರವನ್ನು ಸ್ವಲ್ಪ ದೂರ ಓಡಿಸಿ ಬಂದು ಮತ್ತೊಮ್ಮೆ ಬಿಗಿ ಮಾಡಿ.